ವೈಫೈ ಕೊಡಿ, ನಂಬರ್ ಪುಸ್ತಕ ಮುಚ್ಚಿಡಿ

ನಮ್ಮ ಓದುವ ಕೊಠಡಿಯ ಬಾಗಿಲ ಪಕ್ಕದ ಮೇಜಿನ ಮೇಲೆ ಒಂದು ಲಾಂಗ್ ನೋಟ್‌ಬುಕ್ ಇರುತ್ತಿತ್ತು. ಹೆಸರು, ಊರು, ಮೊಬೈಲ್ ನಂಬರ್, ಬಂದ ಸಮಯ ಅಂತ ನಾಲ್ಕು ಕಾಲಂ. ನಾಲ್ಕನ್ನೂ ತುಂಬಿದವರಿಗೆ ವೈಫೈ ಪಾಸ್‌ವರ್ಡ್ ಸಿಗುತ್ತಿತ್ತು. ಸ್ಕೇಲ್ ಇಟ್ಟು ಗೆರೆ ಎಳೆದವನು ನಾನೇ. ಪೆನ್ನನ್ನು ಯಾರೂ ಎತ್ತಿಕೊಂಡು ಹೋಗದಿರಲಿ ಎಂದು ದಾರ ಕಟ್ಟಿದವನೂ ನಾನೇ. ಪೆನ್ನಿನ ಬಗ್ಗೆ ಇದ್ದ ಆ ಎಚ್ಚರಿಕೆ ನಂಬರುಗಳ ಬಗ್ಗೆ ನನಗೆ ಇರಲಿಲ್ಲ. ಆ ಪುಸ್ತಕದ ದೆಸೆಯಿಂದ ಒಬ್ಬ ಹುಡುಗಿ ಓದಲು ಬರುವುದನ್ನೇ ಬಿಟ್ಟಳು. ಅದಕ್ಕೇ ಈ ಬರಹ.

ನಮ್ಮದು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಮನೆಯ ಮಹಡಿಯನ್ನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಬಿಟ್ಟುಕೊಟ್ಟಿದ್ದಾರೆ. ನಲವತ್ತು ಪ್ಲಾಸ್ಟಿಕ್ ಕುರ್ಚಿ, ಮೂರು ಫ್ಯಾನು, ಒಂದು ನೀರಿನ ಫಿಲ್ಟರ್. ಕೈಲಾದವರು ಕರೆಂಟ್ ಬಿಲ್ಲಿಗೆಂದು ಡಬ್ಬಿಗೆ ದುಡ್ಡು ಹಾಕುತ್ತಾರೆ. ಪಿಡಿಒ, ಎಫ್‌ಡಿಎ, ಪೊಲೀಸ್, ರೈಲ್ವೆ, ಬ್ಯಾಂಕ್ ಹೀಗೆ ಒಬ್ಬೊಬ್ಬರದು ಒಂದೊಂದು ಕನಸು. ಎಲೆಕ್ಟ್ರಾನಿಕ್ಸ್‌ನಲ್ಲಿ ಡಿಪ್ಲೊಮಾ ಮುಗಿಸಿದ ನಾನು ಎರಡು ವರ್ಷದಿಂದ ಕಿಟಕಿ ಪಕ್ಕದ ಕುರ್ಚಿಯವನು.

‘ಎಲ್ಲರ ಫೋನಲ್ಲೂ ನೆಟ್ ಇದೆಯಲ್ಲ, ವೈಫೈ ಯಾಕೆ?’ ಎಂದು ಕೇಳುವವರಿದ್ದಾರೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಎರಡು ಆನ್‌ಲೈನ್ ಕ್ಲಾಸಿಗೇ ಸುಸ್ತಾಗುತ್ತದೆ. ತಿಂಗಳ ಕೊನೆಗೆ ರೀಚಾರ್ಜ್ ಮುಗಿದಾಗ ಅಪ್ಪನ ಮುಂದೆ ನಿಂತು ಕೇಳಲು ಇಪ್ಪತ್ತೈದು ದಾಟಿದವರಿಗೆ ಎಷ್ಟು ಮುಜುಗರ ಎಂಬುದು ಈ ಪುಟ ಓದುವ ಬಹಳ ಮಂದಿಗೆ ಗೊತ್ತಿರುತ್ತದೆ. ಒಂದು ದಿನ ಮೇಷ್ಟ್ರೇ ಕರೆದು ಹೇಳಿದರು: ‘ನೀನು ಡಿಪ್ಲೊಮಾ ಮಾಡಿದ್ದೀಯಲ್ಲಪ್ಪ, ಕೆಳಗಿರೋ ಇಂಟರ್‌ನೆಟ್ ಮೇಲಕ್ಕೂ ಬರೋ ಹಾಗೆ ಮಾಡು.’

ಡಿಪ್ಲೊಮಾದಲ್ಲಿ ವೈಫೈ ಬಗ್ಗೆ ನಾವು ಓದಿದ್ದು ಎರಡು ಪುಟ. ಪರೀಕ್ಷೆಗೆ ಬರುವುದಿಲ್ಲ ಎಂದು ಅದರಲ್ಲೂ ಒಂದನ್ನು ಬಿಟ್ಟಿದ್ದೆ. ಆದರೂ ‘ಆಯ್ತು ಸಾರ್’ ಎಂದೆ.

ಮೊದಲ ವಾರ ನಾನು ಮಾಡಿದ್ದು ನಮ್ಮಲ್ಲಿ ಎಲ್ಲರೂ ಮಾಡುವುದನ್ನೇ. ಮನೆಯ ವೈಫೈ ಪಾಸ್‌ವರ್ಡನ್ನು ಹಾಳೆಯ ಮೇಲೆ ದಪ್ಪಗೆ ಬರೆದು ಗೋಡೆಗೆ ಅಂಟಿಸಿದೆ. ಮೂರನೇ ದಿನ ಸಂಜೆ ಕೆಳಗಿನಿಂದ ಮೇಷ್ಟ್ರ ಮನೆಯವರ ಕೂಗು. ಅಮ್ಮ ಸೀರಿಯಲ್ ನೋಡುತ್ತಿದ್ದರಂತೆ. ಸೊಸೆ ಇನ್ನೇನು ಬಾಯಿ ಬಿಡಬೇಕು, ಅಷ್ಟರಲ್ಲಿ ಟಿವಿಯಲ್ಲಿ ‘ಭಾರತದ ಸಂವಿಧಾನದ ಪ್ರಮುಖ ತಿದ್ದುಪಡಿಗಳು’ ಪಾಠ ಶುರುವಾಗಿದೆ! ಮೇಲೆ ಕುಳಿತಿದ್ದ ಯಾರೋ ವಿಡಿಯೊ ನೋಡುವಾಗ ಪರದೆಯ ಮೂಲೆಯಲ್ಲಿದ್ದ ಗುರುತನ್ನು ಒತ್ತಿದ್ದಾರೆ. ಒಂದೇ ವೈಫೈನಲ್ಲಿದ್ದ ಟಿವಿಗೆ ಅದು ಹಾರಿದೆ. ಬಹಳ ದಿನ ನಕ್ಕೆವು. ಆದರೆ ಟಿವಿ ಕಾಣುತ್ತದೆ ಎಂದರೆ ಮೇಷ್ಟ್ರ ಪ್ರಿಂಟರ್, ಗೇಟಿನ ಸಿಸಿಟಿವಿ, ಅವರ ಪಿಂಚಣಿ ಕಾಗದಗಳಿರುವ ಕಂಪ್ಯೂಟರ್ ಎಲ್ಲವೂ ಮೇಲಿನ ನಲವತ್ತು ಜನರಿಗೆ ಕಾಣುತ್ತವೆ ಎಂದೇ ಅರ್ಥ. ಆ ರಾತ್ರಿ ನನಗೆ ನಗು ಬರಲಿಲ್ಲ.

ಮನೆಗೆ ನೆಂಟರು ಬಂದರೆ ನಡುಮನೆಯಲ್ಲಿ ಕೂರಿಸುತ್ತೇವೆ, ಬೀರುವಿನ ಬೀಗದ ಕೈ ಕೊಡುವುದಿಲ್ಲ. ಅದರಿಂದ ನೆಂಟರಿಗೆ ಅವಮಾನವೂ ಆಗುವುದಿಲ್ಲ. ವೈಫೈನಲ್ಲಿ ಈ ನಡುಮನೆಗೆ ‘ಗೆಸ್ಟ್ ನೆಟ್‌ವರ್ಕ್’ ಎನ್ನುತ್ತಾರೆ. ಈಗಿನ ಬಹುತೇಕ ರೂಟರ್‌ಗಳಲ್ಲಿ ಅದೊಂದು ಸ್ವಿಚ್ ಅಷ್ಟೇ. ಅದನ್ನು ಹಾಕಿದರೆ ಅತಿಥಿಗಳಿಗೆ ಬೇರೆ ಹೆಸರಿನ, ಬೇರೆ ಪಾಸ್‌ವರ್ಡಿನ ವೈಫೈ ಸಿಗುತ್ತದೆ. ಅಲ್ಲಿಂದ ಇಂಟರ್‌ನೆಟ್ಟಿಗೆ ದಾರಿ ಇರುತ್ತದೆ, ಮನೆಯೊಳಗೆ ಇರುವುದಿಲ್ಲ. ಪಕ್ಕದಲ್ಲೇ ‘ಐಸೊಲೇಷನ್’ ಎಂಬ ಇನ್ನೊಂದು ಸ್ವಿಚ್ ಇರುತ್ತದೆ. ಅದನ್ನು ಹಾಕಿದರೆ ಒಬ್ಬ ಅತಿಥಿಯ ಫೋನಿಗೆ ಇನ್ನೊಬ್ಬ ಅತಿಥಿಯ ಫೋನ್ ಕಾಣುವುದಿಲ್ಲ. ನನ್ನ ಪ್ರಕಾರ ಇದು ಮೊದಲನೆಯದಕ್ಕಿಂತ ಮುಖ್ಯ. ಮೊದಲನೆಯದು ಯಜಮಾನನನ್ನು ಕಾಪಾಡುತ್ತದೆ, ಎರಡನೆಯದು ಅತಿಥಿಯನ್ನು. ನಾನು ಸಹಾಯ ಮಾಡಲು ಹೋದ ಮೂರು ನಾಲ್ಕು ಕಡೆ ಮೊದಲನೆಯದನ್ನು ಹಾಕಿ ಎರಡನೆಯದನ್ನು ಮರೆತಿದ್ದರು.

ಮೇಷ್ಟ್ರ ಮನೆಯ ರೂಟರ್ ಮಹಡಿಗೆ ಸರಿಯಾಗಿ ತಲುಪುತ್ತಿರಲಿಲ್ಲ. ಮಧ್ಯೆ ಆರ್‌ಸಿಸಿ ಛಾವಣಿ. ತುಮಕೂರಿನಲ್ಲಿ ಸೆಕೆಂಡ್‌ಹ್ಯಾಂಡ್ ರೂಟರ್ ಒಂದನ್ನು ಕೊಂಡು ತಂದು, ಕೇಬಲ್ ಎಳೆದು, ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿದೆ. ಹಾಕುವಾಗ ಒಮ್ಮೆ ರೂಟರ್ ಸತ್ತೇಹೋಯಿತು ಎಂದುಕೊಂಡಿದ್ದೆ, ಹೇಗೋ ಬದುಕಿತು. ಕೊಠಡಿಯ ನೆಟ್ಟಿಗೆ ‘ಓದುವ ಮನೆ’ ಎಂದು ಕನ್ನಡದಲ್ಲೇ ಹೆಸರಿಟ್ಟೆ. ವೈಫೈ ಹೆಸರಿಗೆ 32 ಬೈಟ್ ಮಿತಿ. ಕನ್ನಡದಲ್ಲಿ ಒಂದೊಂದು ಅಕ್ಷರಕ್ಕೆ, ಒಂದೊಂದು ಕೊಂಬು ಏತ್ವಕ್ಕೆ ಮೂರು ಮೂರು ಬೈಟ್ ಬೇಕು. ಮೇಷ್ಟ್ರು ಹೇಳಿದ ‘ಜ್ಞಾನ ದೀವಿಗೆ ಅಧ್ಯಯನ ಕೇಂದ್ರ’ ಹಿಡಿಸಲಿಲ್ಲ. ಒಳ್ಳೆಯದೇ ಆಯಿತು ಅನ್ನಿ.

ಎಲ್ಲ ಸರಿಹೋಯಿತು ಎಂದುಕೊಂಡಿದ್ದು ಒಂದು ಅರ್ಜಿಯ ಕೊನೆಯ ದಿನದವರೆಗೆ. ಕೊನೆಯ ದಿನ ಎಂದರೆ ಗೊತ್ತಲ್ಲ, ಒಂದು ತಿಂಗಳು ಸಮಯ ಕೊಟ್ಟರೂ ನಮ್ಮವರಿಗೆ ಅರ್ಜಿ ನೆನಪಾಗುವುದು ಆವತ್ತೇ. ಬೆಳಿಗ್ಗೆ ಹತ್ತೂವರೆಗೆ ಒಬ್ಬೊಬ್ಬರಾಗಿ ನನ್ನ ಕುರ್ಚಿ ಸುತ್ತ ಸೇರಿದರು. ‘ಅಣ್ಣಾ, ಕನೆಕ್ಟ್ ಆಗ್ತಿಲ್ಲ.’ ಸಿಗ್ನಲ್ ಪೂರ್ತಿ ಇದೆ, ಪಾಸ್‌ವರ್ಡ್ ಸರಿಯಿದೆ, ಆದರೂ ಫೋನು ‘ಐಪಿ ವಿಳಾಸ ಪಡೆಯಲಾಗುತ್ತಿದೆ’ ಎಂದು ಸುತ್ತುತ್ತಲೇ ಇದೆ. ಮೊದಲೇ ಬಂದು ಕುಳಿತವರಿಗೆ ಮಾತ್ರ ನೆಟ್ ಚೆನ್ನಾಗಿ ಬರುತ್ತಿದೆ. ಫೀ ಕಟ್ಟಲಾಗದೆ ನಿಂತವರಲ್ಲಿ ಒಬ್ಬನಿಗೆ ಅದು ವಯೋಮಿತಿಯ ಕೊನೆಯ ಅವಕಾಶ.

ಕಾರಣ ಹೊಳೆಯಲು ಮುಕ್ಕಾಲು ಗಂಟೆ ಹಿಡಿಯಿತು. ವೈಫೈಗೆ ಸೇರುವ ಪ್ರತಿ ಫೋನಿಗೂ ರೂಟರ್ ಒಂದು ವಿಳಾಸ ಕೊಡುತ್ತದೆ. ಅಂಥ ಐವತ್ತು ವಿಳಾಸ ಸಾಕೆಂದು ನಾನೇ ಇಟ್ಟಿದ್ದೆ. ಕುರ್ಚಿ ನಲವತ್ತು ತಾನೇ! ಆದರೆ ಒಮ್ಮೆ ಕೊಟ್ಟ ವಿಳಾಸ 24 ಗಂಟೆ ಆ ಫೋನಿನ ಹೆಸರಿನಲ್ಲೇ ಇರುವಂತೆ ಬಿಟ್ಟಿದ್ದೆ. ಸಂಜೆ ಪಾಳಿಯವರು ಎಂಟು ಗಂಟೆಗೆ ಮನೆಗೆ ಹೋದರೂ ಮರುದಿನದವರೆಗೆ ಅವರ ಜಾಗ ಖಾಲಿಯಾಗುವುದಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದು, ಆಮೇಲೆ ಊರಿಗೇ ಹೋಗದೆ ಇದ್ದ ಹಾಗೆ. ಬಸ್ಸು ಖಾಲಿ, ಆದರೆ ಸೀಟಿನ ಮೇಲೆಲ್ಲ ಟವೆಲ್. ಅವಧಿಯನ್ನು ಎರಡು ಗಂಟೆಗೆ ಇಳಿಸಿ, ವಿಳಾಸಗಳನ್ನು ಇನ್ನೂರಕ್ಕೆ ಏರಿಸಿ, ರೂಟರನ್ನು ಒಮ್ಮೆ ಆರಿಸಿ ಹಚ್ಚಿದೆ. ಎರಡು ನಿಮಿಷದಲ್ಲಿ ಎಲ್ಲರಿಗೂ ನೆಟ್ ಬಂತು. ಆ ಹುಡುಗ ಸಂಜೆ ನಾಲ್ಕಕ್ಕೆ ಫೀ ಕಟ್ಟಿದ ರಸೀದಿಯನ್ನು ನನ್ನ ಮುಖದ ಮುಂದೆ ಹಿಡಿದು ‘ಟೀ ಕುಡಿಸ್ತೀನಿ ಬಾ’ ಎಂದ. ‘ಉಚಿತ ವೈಫೈ ವಲಯ’ ಎಂದು ಬೋರ್ಡ್ ಇರುವ ಕಡೆ ಸಿಗ್ನಲ್ ಬಂದೂ ನೆಟ್ ಬಾರದಿದ್ದರೆ ಈಗ ನನಗೆ ಮೊದಲು ನೆನಪಾಗುವುದು ಈ ಟವೆಲ್ಲು.

ಇನ್ನೊಂದು ಜಗಳ ಯೂಟ್ಯೂಬಿನದು. ಸಂಜೆ ಹೊತ್ತು ನೆಟ್ ನಿಧಾನವಾದಾಗಲೆಲ್ಲ ಮೇಷ್ಟ್ರು ‘ಆ ಯೂಟ್ಯೂಬ್ ಬಂದ್ ಮಾಡು’ ಎನ್ನುತ್ತಿದ್ದರು. ಬಂದ್ ಮಾಡುವುದು ಸುಲಭವೇ. ಆದರೆ ಕೋಚಿಂಗಿಗೆ ವಿಜಯಪುರಕ್ಕೋ ಧಾರವಾಡಕ್ಕೋ ಬೆಂಗಳೂರಿಗೋ ಹೋಗಲಾಗದವರಿಗೆ ಯೂಟ್ಯೂಬೇ ಕೋಚಿಂಗ್. 2018ರಲ್ಲಿ ಪತ್ರಿಕೆಗಳಲ್ಲಿ ಬಂದ ಸುದ್ದಿ ನೆನಪಿರಬಹುದು. ಎರ್ನಾಕುಲಂ ರೈಲು ನಿಲ್ದಾಣದ ಕೂಲಿಯೊಬ್ಬರು ನಿಲ್ದಾಣದ ಉಚಿತ ವೈಫೈ ಬಳಸಿ, ಇಯರ್‌ಫೋನಿನಲ್ಲಿ ಪಾಠ ಕೇಳುತ್ತಾ ಲಗೇಜು ಹೊತ್ತು, ಕೇರಳ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆ ಪಾಸಾಗಿದ್ದರು. ರೈಲ್‌ಟೆಲ್ ಮತ್ತು ಗೂಗಲ್ ಸೇರಿ 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಿಂದ ಶುರು ಮಾಡಿದ ಆ ವೈಫೈ 2018ರ ಹೊತ್ತಿಗೆ ನಾನೂರು ನಿಲ್ದಾಣ ಮುಟ್ಟಿತ್ತು. ಅಲ್ಲಿ ಯಾರೋ ಒಬ್ಬ ಎಂಜಿನಿಯರ್ ‘ವಿಡಿಯೊ, ಆಡಿಯೊ ಬೇಡ’ ಎಂದು ಒಂದು ಸಾಲು ಬರೆದಿದ್ದರೆ ಈ ಸುದ್ದಿ ಹುಟ್ಟುತ್ತಲೇ ಇರಲಿಲ್ಲ.

ಹಾಗಾಗಿ ನಾನು ತಡೆಯುವ ಬದಲು ಹಂಚಿದೆ. ಮೇಷ್ಟ್ರದು 100 ಎಂಬಿಪಿಎಸ್ ಲೈನು. ಒಬ್ಬೊಬ್ಬರಿಗೆ ಹೆಚ್ಚೆಂದರೆ ಎರಡು ಎಂಬಿಪಿಎಸ್ ಎಂದು ಕಟ್ಟು ಹಾಕಿದೆ. ಸಾಧಾರಣ ಗುಣಮಟ್ಟದ ಪಾಠದ ವಿಡಿಯೊಗೆ ಅಷ್ಟು ಸಾಕು. ಸಿನಿಮಾ ಇಳಿಸಿಕೊಳ್ಳುವವನಿಗೆ ಅಷ್ಟರಲ್ಲಿ ತಾಳ್ಮೆ ಕೆಡುತ್ತದೆ. ಯಾರಿಗೂ ಬೈಯಬೇಕಾಗಿಯೂ ಬರುವುದಿಲ್ಲ. ಆಗ ಮೇಷ್ಟ್ರು ಇನ್ನೊಂದು ಕೇಳಿದರು: ‘ಯಾರು ಏನು ನೋಡ್ತಾರೆ ಅಂತ ನಮಗೆ ಗೊತ್ತಾಗುತ್ತೇನಪ್ಪ?’

ಗೊತ್ತಾಗುತ್ತದೆ. ವಿಡಿಯೊ ಯಾವುದೆಂದು ತಿಳಿಯದಿದ್ದರೂ ಯಾವ ಫೋನು ಯಾವ ಸೈಟಿಗೆ ಹೋಯಿತು ಎಂಬುದನ್ನು ರೂಟರ್ ಬರೆದಿಡಬಲ್ಲದು. ಅಷ್ಟು ಸಾಕು, ಯಾರು ಯಾವ ಕಾಯಿಲೆಯ ಬಗ್ಗೆ ಹುಡುಕುತ್ತಿದ್ದಾರೆ, ಯಾರು ಮದುವೆಯ ಸೈಟು ನೋಡುತ್ತಿದ್ದಾರೆ, ಯಾರು ಕದ್ದು ಬೇರೆ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾರೆ ಎಂದು ಊಹಿಸಲು. ನಾನೂ ಒಂದು ಸಂಜೆ ಕುತೂಹಲಕ್ಕೆ ಅದನ್ನು ಹಚ್ಚಿ ನೋಡಿದೆ. ಹತ್ತು ನಿಮಿಷ ನೋಡಿ ಆರಿಸಿದೆ. ಪಕ್ಕದ ಕುರ್ಚಿಯವನ ಮುಖ ನೋಡಲು ನಾಚಿಕೆಯಾಯಿತು. ‘ಆಗುತ್ತೆ ಸಾರ್, ಆದ್ರೆ ಬೇಡ’ ಎಂದೆ. ಮೇಷ್ಟ್ರು ಒಂದು ಕ್ಷಣ ಯೋಚಿಸಿ ‘ಹೌದು, ಬೇಡ’ ಎಂದರು. ಅವರ ಬಗ್ಗೆ ನನಗಿದ್ದ ಗೌರವ ಆವತ್ತು ದುಪ್ಪಟ್ಟಾಯಿತು.

ಇಷ್ಟೆಲ್ಲ ತಿಳಿದುಕೊಂಡವನು ಆ ನೋಟ್‌ಬುಕ್ ಯಾಕೆ ಇಟ್ಟೆ? ಭಯದಿಂದ. ಲೈನು ಮೇಷ್ಟ್ರ ಹೆಸರಿನಲ್ಲಿದೆ. ಯಾರಾದರೂ ಅದರಿಂದ ಬೆದರಿಕೆ ಇಮೇಲ್ ಕಳಿಸಿದರೆ ಪೊಲೀಸರು ಬರುವುದು ಮೇಷ್ಟ್ರ ಮನೆಗೆ. ಇದು ಬರೀ ಕಲ್ಪನೆಯಲ್ಲ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಕ್ಕೆ ಸ್ವಲ್ಪ ಮುಂಚೆ ಬಂದ ಇಮೇಲಿನ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ನವಿ ಮುಂಬೈನ ಒಂದು ಮನೆಯ ಬೀಗವಿಲ್ಲದ ವೈಫೈ. ಮನೆಯವರಿಗೆ ಆ ಸಂಗತಿಯೇ ಗೊತ್ತಿರಲಿಲ್ಲ. ಮರುವರ್ಷ ದೂರಸಂಪರ್ಕ ಇಲಾಖೆ, ಸಾರ್ವಜನಿಕ ವೈಫೈ ಬಳಸುವವರ ಗುರುತನ್ನು ಗುರುತಿನ ಚೀಟಿಯಿಂದಲೋ ಮೊಬೈಲ್ ಸಂದೇಶದಿಂದಲೋ ಖಚಿತಪಡಿಸಿಕೊಂಡು, ಒಂದು ವರ್ಷ ದಾಖಲೆ ಇಡಬೇಕೆಂದು ಸೇವಾದಾರರಿಗೆ ಸೂಚಿಸಿತು. ರೈಲು ನಿಲ್ದಾಣದಲ್ಲಿ ಒಟಿಪಿ ಕೇಳುವುದರ ಹಿಂದಿನ ಕಥೆ ಇದು. ಗುರುತು ಬೇಡವೇ ಬೇಡ ಎಂದು ನಾನೂ ವಾದಿಸುವುದಿಲ್ಲ. ಆದರೆ ಗುರುತು ತಿಳಿದಿರುವುದು ಬೇರೆ, ಅದನ್ನು ಬಾಗಿಲಲ್ಲಿ ಹರಡಿಡುವುದು ಬೇರೆ. ಆ ವ್ಯತ್ಯಾಸ ನನಗೆ ಹೊಳೆದದ್ದು ತಡವಾಗಿ.

ಅವಳು ಪಕ್ಕದ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ಮನೆಗೆಲ್ಲ ಇದ್ದದ್ದು ಒಂದೇ ಸ್ಮಾರ್ಟ್‌ಫೋನ್. ಹಗಲು ಅವಳ ಕೈಯಲ್ಲಿ, ಸಂಜೆಯ ಮೇಲೆ ಅಣ್ಣನ ಕೈಯಲ್ಲಿ. ನೋಟ್‌ಬುಕ್ಕಿನಲ್ಲಿ ಅವಳು ಬರೆದದ್ದು ಅದೇ ನಂಬರು. ಯಾರೋ ಆ ಪುಟದ ಫೋಟೊ ಹೊಡೆದುಕೊಂಡಿದ್ದಾರೆ. ಒಂದು ರಾತ್ರಿ ಒಂಬತ್ತರ ಮೇಲೆ ಅಪರಿಚಿತ ನಂಬರಿನಿಂದ ಸಂದೇಶ ಬಂದಿದೆ: ಇವತ್ತು ಹಾಕಿದ್ದ ನೀಲಿ ಚೂಡಿದಾರ್ ಚೆನ್ನಾಗಿತ್ತು, ನಾಳೆಯೂ ಅದೇ ಕುರ್ಚಿಯಲ್ಲಿ ಕೂತ್ಕೋ. ಓದಿದವನು ಅಣ್ಣ. ಮರುದಿನ ಅವನೇ ಬಂದು ಅವಳ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡ. ನಾನು ಏನೋ ಹೇಳಲು ಹೋದೆ. ಅವನು ಮೇಜಿನ ಮೇಲಿದ್ದ ನೋಟ್‌ಬುಕ್ ಎತ್ತಿ, ತಂಗಿಯ ಹೆಸರಿದ್ದ ಸಾಲನ್ನು ಬೆರಳಿಟ್ಟು ತೋರಿಸಿ, ‘ಇದನ್ನ ಬರ್ಸಿದ್ದು ಯಾರು?’ ಎಂದು ಕೇಳಿದ.

ನಾನೇ.

ಸಂದೇಶ ಕಳಿಸಿದವನು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಅಣ್ಣ ಪೊಲೀಸಿಗೆ ಹೋಗಲು ಒಪ್ಪಲಿಲ್ಲ, ‘ಊರಲ್ಲಿ ಮಾತಾಗುತ್ತೆ’ ಎಂದ. ಕಳಿಸಿದವನದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂವತ್ತು ಜನರ ನಂಬರನ್ನು ಒಂದೇ ಪುಟದಲ್ಲಿ ತೆರೆದಿಟ್ಟು, ಬಂದವರೆಲ್ಲ ಹಿಂದಿನವರ ಸಾಲನ್ನು ನೋಡುತ್ತಲೇ ತಮ್ಮದನ್ನು ಬರೆಯುವಂತೆ ಮಾಡಿದ್ದು ನಾನು. ರೂಟರಿನಲ್ಲಿ ಒಬ್ಬರ ಫೋನು ಇನ್ನೊಬ್ಬರಿಗೆ ಕಾಣದಂತೆ ಸ್ವಿಚ್ ಹಾಕಿದ್ದವನು, ಕಾಗದದ ಮೇಲೆ ಆ ಸ್ವಿಚ್ಚನ್ನು ಮರೆತಿದ್ದೆ.

ಅಂದಿನಿಂದ ವೈಫೈ ಇರುವಲ್ಲೆಲ್ಲ ನಾನು ಅವರು ಏನೇನು ಕೇಳುತ್ತಾರೆ ಎಂದು ನೋಡುತ್ತೇನೆ. ಒಂದು ಕಾಫಿ ಅಂಗಡಿಯ ಲಾಗಿನ್ ಪುಟ ಹುಟ್ಟಿದ ದಿನಾಂಕ ಕೇಳಿತು. ಒಂದು ಮಾಲು ಇಮೇಲ್, ಲಿಂಗ, ಪಿನ್‌ಕೋಡ್ ಕೇಳಿತು. ಅರ್ಧ ಗಂಟೆಯ ನೆಟ್ಟಿಗೆ ನನ್ನ ಹುಟ್ಟುಹಬ್ಬ ಯಾಕೆ? ನನಗೆ ಕೇಕ್ ತರುತ್ತಾರೆಯೇ? ಆಮೇಲೆ ಬರುವುದು ಸೈಟು ಮಾರುವವರ, ಸಾಲ ಕೊಡುವವರ ಕರೆ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು, ಯಾವ ಕೆಲಸಕ್ಕೆಂದು ಹೇಳಿ, ಒಪ್ಪಿಗೆ ಪಡೆದು, ಆ ಕೆಲಸಕ್ಕೆ ಬೇಕಾದಷ್ಟನ್ನೇ ಕೇಳಬೇಕು ಎಂಬುದು. ನನ್ನ ನೋಟ್‌ಬುಕ್ ಡಿಜಿಟಲ್ ಅಲ್ಲದ್ದರಿಂದ ಆ ಕಾಯ್ದೆಯ ಕೈಗೆ ಸಿಗುತ್ತಿರಲಿಲ್ಲ. ಸಿಗಬೇಕಿತ್ತು ಎಂದು ನನಗನ್ನಿಸುತ್ತದೆ.

ಒಟಿಪಿಗೂ ಒಂದು ಕೊರತೆ ಇದೆ. ಒಟಿಪಿ ಕೇಳುವವರು ಎಲ್ಲರ ಬಳಿಯೂ ಸ್ವಂತ ಸಿಮ್ ಇದೆ, ಅದು ಅವರ ಕೈಯಲ್ಲೇ ಇದೆ ಎಂದುಕೊಂಡಿರುತ್ತಾರೆ. ಹಳ್ಳಿಯಿಂದ ಬರುವ ಹುಡುಗಿಯರಲ್ಲಿ ಕೆಲವರು ಅಕ್ಕನ ಹಳೆಯ ಫೋನನ್ನು ಸಿಮ್ ಇಲ್ಲದೆಯೇ ಪಾಠ ನೋಡಲು ತರುತ್ತಾರೆ. ಒಟಿಪಿ ಹೋಗುವುದು ಹೊಲದಲ್ಲಿರುವ ಅಪ್ಪನ ಕೀಪ್ಯಾಡ್ ಫೋನಿಗೆ. ಅಪ್ಪನಿಗೆ ಕರೆ ಮಾಡಿ, ಅವರು ಸಂದೇಶ ಓದಿ ಹೇಳುವಷ್ಟರಲ್ಲಿ ಅದರ ಸಮಯ ಮುಗಿದಿರುತ್ತದೆ. ಯಾರಿಗೆ ಉಚಿತ ವೈಫೈ ಅತಿ ಹೆಚ್ಚು ಬೇಕೋ ಅವರೇ ಬಾಗಿಲಲ್ಲಿ ಉಳಿಯುತ್ತಾರೆ.

ಪಿಎಂ-ವಾಣಿ ಯೋಜನೆಯ ಬಗ್ಗೆ ನಮ್ಮ ಕಾಲೇಜುಗಳಲ್ಲಿ ಹೆಚ್ಚು ಮಾತಿಲ್ಲ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು. ಟೀ ಅಂಗಡಿ, ಕಿರಾಣಿ ಅಂಗಡಿ, ಯಾರು ಬೇಕಾದರೂ ಲೈಸೆನ್ಸ್ ಇಲ್ಲದೆ, ಶುಲ್ಕ ಕಟ್ಟದೆ ವೈಫೈ ಹಂಚಬಹುದು. ನನಗೆ ಅದರಲ್ಲಿ ಇಷ್ಟವಾದದ್ದು ಏನೆಂದರೆ, ಬಳಸುವವರ ಗುರುತನ್ನು ನೋಡಿಕೊಳ್ಳುವ ಕೆಲಸ ಬೇರೆಯವರದು. ಅಂಗಡಿಯವನು ನೋಟ್‌ಬುಕ್ ಇಡಬೇಕಾಗಿಲ್ಲ. ಅಂಗಡಿಯವರಿಗೆ ದುಬಾರಿ ಲೈನು ಮಾರುತ್ತಾರೆ ಎಂಬ ದೂರಿತ್ತು. 2025ರ ಜೂನ್‌ನಲ್ಲಿ ಟ್ರಾಯ್, 200 ಎಂಬಿಪಿಎಸ್‌ವರೆಗಿನ ಮನೆಬಳಕೆಯ ಫೈಬರ್ ಪ್ಲಾನುಗಳನ್ನೇ ಅವರಿಗೂ ಕೊಡಬೇಕು, ದರ ಮನೆಯವರು ಕೊಡುವುದರ ಎರಡು ಪಟ್ಟು ಮೀರಬಾರದು ಎಂದು ಮಿತಿ ಹಾಕಿತು. ಕೆಲಸ ಹುಡುಕುತ್ತಿರುವ, ಸ್ವಲ್ಪ ನೆಟ್‌ವರ್ಕಿಂಗ್ ಬಲ್ಲ ಗೆಳೆಯರು ಇದನ್ನೊಮ್ಮೆ ನೋಡಬಹುದು. ಸಿಮ್ ಇಲ್ಲದವರ ಸಮಸ್ಯೆ ಮಾತ್ರ ಅಲ್ಲೂ ಇದೆ.

ನಾವು ಈಗ ಮಾಡಿರುವುದು ಬಹಳ ಸರಳ. ಕೊಠಡಿಯ ಸದಸ್ಯರಾಗುವಾಗ ಎಲ್ಲರೂ ಮೇಷ್ಟ್ರಿಗೆ ಗುರುತಿನ ಚೀಟಿ ತೋರಿಸಿಯೇ ಇರುತ್ತಾರೆ. ಹಾಗಿದ್ದ ಮೇಲೆ ದಿನಾ ಹೊಸದಾಗಿ ಕೇಳುವುದೇನು? ಆರು ಅಂಕಿಯ ಸಂಕೇತವಿರುವ ಚೀಟಿಗಳನ್ನು ಮುದ್ರಿಸಿದ್ದೇನೆ. ಸದಸ್ಯತ್ವದ ಕಾರ್ಡ್ ತೋರಿಸಿದರೆ ಒಂದು ಚೀಟಿ. ಅದು ನಾಲ್ಕು ಗಂಟೆ ನಡೆಯುತ್ತದೆ. ಯಾವ ಕಾರ್ಡಿಗೆ ಯಾವ ಚೀಟಿ ಎಂಬುದನ್ನು ಮೇಷ್ಟ್ರು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅಲ್ಲಿ ಹೆಸರಿಲ್ಲ, ಫೋನ್ ನಂಬರಿಲ್ಲ, ಬರೀ ಎರಡು ಅಂಕಿ. ಪುಸ್ತಕ ಬೀರುವಿನಲ್ಲಿರುತ್ತದೆ, ಬೀಗ ಹಾಕಿ. ಪೊಲೀಸರು ಕಾನೂನಿನಂತೆ ಕೇಳಿದರೆ ಕೊಡಬಹುದು. ದಾರಿಹೋಕ ಫೋಟೊ ಹೊಡೆದುಕೊಂಡರೂ ಏನೂ ಸಿಗುವುದಿಲ್ಲ. ವರ್ಷ ದಾಟಿದ ಪುಟಗಳನ್ನು ಹರಿದು ಸುಡುತ್ತೇವೆ. ನನ್ನ ಹಳೆಯ ನೋಟ್‌ಬುಕ್ ಅನ್ನು ಮೇಷ್ಟ್ರ ಮನೆಯ ನೀರೊಲೆಗೆ ಹಾಕಿದ್ದು ಆಯಿತು.

ಫೋನಿನಲ್ಲಿ ತೆರೆಯುವ ಪುಟದಲ್ಲಿ ಸಂಕೇತ ಹಾಕುವ ಒಂದೇ ಚೌಕ. ಕೆಳಗೆ ಕನ್ನಡದಲ್ಲಿ ಮೂರು ಸಾಲು: ನೀವು ಯಾವ ಸೈಟು ನೋಡುತ್ತೀರಿ ಎಂದು ನಾವು ಬರೆದಿಡುವುದಿಲ್ಲ. ಒಬ್ಬೊಬ್ಬರಿಗೆ ಎರಡು ಎಂಬಿಪಿಎಸ್. ಬ್ಯಾಂಕ್ ವ್ಯವಹಾರಕ್ಕೆ ನಿಮ್ಮ ಸ್ವಂತ ಡೇಟಾ ಬಳಸಿ.

ಮೂರನೆಯ ಸಾಲಿಗೆ ಕೆಲವರು ನಗುತ್ತಾರೆ. ‘ನೀನೇ ಮಾಡಿದ ವೈಫೈ ಮೇಲೆ ನಿನಗೇ ನಂಬಿಕೆ ಇಲ್ವಾ?’ ಎಂದು. ನನ್ನ ವೈಫೈ ಮೇಲೆ ಇದೆ, ಹೆಸರಿನ ಮೇಲೆ ಇಲ್ಲ. ಒಂದು ದಿನ ಪರೀಕ್ಷೆಗೆಂದು ನನ್ನ ಫೋನಿನ ಹಾಟ್‌ಸ್ಪಾಟಿಗೆ ‘ಓದುವ ಮನೆ’ ಎಂದೇ ಹೆಸರಿಟ್ಟು ಪಾಸ್‌ವರ್ಡ್ ಇಲ್ಲದೆ ಬಿಟ್ಟೆ. ಹತ್ತು ನಿಮಿಷದಲ್ಲಿ ಮೂವರು ಅದಕ್ಕೇ ಸೇರಿಕೊಂಡರು. ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು, ಯಾವುದು ಅಸಲಿ ಎಂದು ಹೆಸರು ನೋಡಿ ತಿಳಿಯುವುದಿಲ್ಲ. ಸೈಟಿನ ವಿಳಾಸ ‘ಎಚ್‌ಟಿಟಿಪಿಎಸ್’ ಎಂದು ಶುರುವಾಗಿದ್ದರೆ ನೀವು ಅಲ್ಲಿ ಬರೆಯುವುದನ್ನು ಮಧ್ಯದಲ್ಲಿ ಯಾರೂ ಓದಲಾರರು. ಆದರೆ ನಕಲಿ ವೈಫೈ ನಿಮ್ಮನ್ನು ನಕಲಿ ಪುಟಕ್ಕೇ ಒಯ್ದರೆ? ಬ್ರೌಸರ್ ‘ಈ ಸೈಟ್ ಸುರಕ್ಷಿತವಲ್ಲ’ ಎಂದು ಎಚ್ಚರಿಸಿದಾಗ ‘ಇರಲಿ ಬಿಡು’ ಎಂದು ಮುಂದೆ ಒತ್ತುವ ಅಭ್ಯಾಸ ನಮ್ಮಲ್ಲಿ ಬಹಳ ಮಂದಿಗಿದೆ. ವೈಫೈ ಬಳಸುವವರಿಗೆ ನಾನು ಹೇಳುವುದು ಇದೊಂದೇ: ಅದನ್ನು ಒತ್ತಬೇಡಿ. ಬೇರೆಲ್ಲ ಹೊಣೆ ವೈಫೈ ಕೊಡುವವರದ್ದು.

ಇದು ಬರೀ ಕಂಪ್ಯೂಟರ್ ಸೈನ್ಸ್‌ನವರ ವಿಷಯ ಎಂದು ದಯವಿಟ್ಟು ಪಕ್ಕಕ್ಕಿಡಬೇಡಿ. ನಿಮ್ಮ ಹಾಸ್ಟೆಲ್ಲಿನಲ್ಲಿ, ಕಾಲೇಜಿನಲ್ಲಿ, ಪಂಚಾಯಿತಿ ಗ್ರಂಥಾಲಯದಲ್ಲಿ ವೈಫೈ ಹಾಕುವಾಗ ಯಾರೋ ಒಬ್ಬ ಗುತ್ತಿಗೆದಾರ ಬಂದು, ಅರ್ಧ ಗಂಟೆಯಲ್ಲಿ ಡಬ್ಬ ಗೋಡೆಗೆ ಹೊಡೆದು, ಪೆಟ್ಟಿಗೆಯಲ್ಲಿ ಬಂದ ಹಾಗೆಯೇ ಎಲ್ಲವನ್ನೂ ಬಿಟ್ಟು ಹೋಗುತ್ತಾನೆ. ಉದ್ಘಾಟನೆಗೆ ಫೋಟೊ ಬರುತ್ತದೆ. ಟವೆಲ್ ಹಾಕಿದ ಸೀಟುಗಳು, ಬಾಗಿಲ ನೋಟ್‌ಬುಕ್ಕುಗಳು ಫೋಟೊದಲ್ಲಿ ಕಾಣುವುದಿಲ್ಲ. ಕೇಳಬೇಕಾದವರು ನಾವು. ಅತಿಥಿಗಳ ನೆಟ್ ಬೇರೆ ಇದೆಯೇ? ಒಬ್ಬರಿಗೊಬ್ಬರು ಕಾಣುತ್ತೇವೆಯೇ? ನನ್ನ ನಂಬರು ಎಲ್ಲಿ, ಎಷ್ಟು ದಿನ ಇರುತ್ತದೆ? ಕೇಳಿದರೆ ‘ಅದೆಲ್ಲ ನಿಮಗ್ಯಾಕೆ’ ಎನ್ನುತ್ತಾರೆ. ನನಗೂ ಒಂದು ಕಡೆ ಹಾಗೆಯೇ ಅಂದರು.

ಆ ಹುಡುಗಿ ಮತ್ತೆ ಬರಲಿಲ್ಲ. ಮೇಷ್ಟ್ರು ಅವರ ಮನೆಗೆ ಎರಡು ಸಲ ಹೋಗಿಬಂದರು. ಎರಡನೇ ಸಲ ಅಪ್ಪ ಕಾಫಿ ಕೊಟ್ಟರಂತೆ, ‘ನೋಡೋಣ ಸಾರ್’ ಎಂದರಂತೆ. ಪರೀಕ್ಷೆಗೆ ಮನೆಯಲ್ಲೇ ಓದುತ್ತಿದ್ದಾಳೆ ಎಂದು ಅವಳ ಊರಿನ ಇನ್ನೊಬ್ಬಳು ಹೇಳಿದಳು. ಬಿಟ್ಟುಹೋಗಿದ್ದ ಒಂದು ಸಾಮಾನ್ಯ ಜ್ಞಾನದ ಪುಸ್ತಕವನ್ನು ಅವಳ ಕೈಯಲ್ಲೇ ಕಳಿಸಿದೆವು.

ಈಗ ನಮ್ಮ ಮುಂದಿರುವ ತೊಡಕು ಬೇರೆ. ಎದುರಿನ ಕಾಲೇಜು ಪರೀಕ್ಷಾ ಕೇಂದ್ರವಾದ ಭಾನುವಾರಗಳಲ್ಲಿ ಹೊರಗಿನಿಂದ ಬಂದವರು ಹಾಲ್‌ಟಿಕೆಟ್ ಇಳಿಸಿಕೊಳ್ಳಲು ಮಹಡಿ ಹತ್ತುತ್ತಾರೆ. ಅವರ ಬಳಿ ನಮ್ಮ ಕಾರ್ಡ್ ಇರುವುದಿಲ್ಲ. ಎಂಟೂವರೆಗೆ ಬಂದವರು ಒಂಬತ್ತೂವರೆಗೆ ಒಳಗಿರಬೇಕು. ಆಧಾರ್ ನೋಡಿ ಕೊನೆಯ ನಾಲ್ಕು ಅಂಕಿ ಬರೆದುಕೊಂಡು ಒಂದು ಗಂಟೆಯ ಚೀಟಿ ಕೊಡೋಣ ಎನ್ನುತ್ತೇನೆ ನಾನು. ಅಷ್ಟೂ ಬೇಡ, ಪರೀಕ್ಷೆಗೆ ಬಂದ ಮಕ್ಕಳು, ಸುಮ್ಮನೆ ಕೊಡು ಎನ್ನುತ್ತಾರೆ ಮೇಷ್ಟ್ರು. ‘ಪೊಲೀಸರು ಬಂದರೆ?’ ಎಂದರೆ, ‘ಬರ್ಲಿ, ಕಾಫಿ ಕೊಡೋಣ’ ಎನ್ನುತ್ತಾರೆ. ಇನ್ನೂ ತೀರ್ಮಾನವಾಗಿಲ್ಲ. ಮುಂದಿನ ಭಾನುವಾರ ಮತ್ತೊಂದು ಪರೀಕ್ಷೆ ಇದೆ. ಒಂದು ಗಂಟೆಯ ಚೀಟಿಗಳನ್ನು ಇಪ್ಪತ್ತು ಹೆಚ್ಚು ಮುದ್ರಿಸಿ ಇಟ್ಟಿದ್ದೇನೆ.